ಗೂಡಿನಲ್ಲಿ ಕೂತ ಅತ್ತೆ

ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಹೀಗೆ ಹೇಳಿದರೆ ಜನ ನಗುತ್ತಾರೆ, ನಗಲಿ. ಯಾರಾದರೂ ಎದುರು ಕೂತು ಮಾತಾಡುವಾಗ ಅವರ ಮಾತು ಅರ್ಧ ನನ್ನ ಕಿವಿಗೆ ಬೀಳುತ್ತದೆ, ಉಳಿದರ್ಧ ಎಲ್ಲಿ ಹೋಗುತ್ತದೋ ದೇವರೇ ಬಲ್ಲ. ನಾನು ನೋಡುತ್ತಿರುವುದು ಅವರ ಭುಜವನ್ನು. ಯಾವ ಭುಜ ಇಳಿದಿದೆ, ಕತ್ತು ಎಷ್ಟು ಮುಂದಕ್ಕೆ ಬಾಗಿದೆ, ಕೂತಾಗ ಯಾವ ಮೊಣಕಾಲು ಮೇಲೆ ಬರುತ್ತದೆ, ಇವೇ. ಅಷ್ಟರಲ್ಲಿ ಸೆರಗಿನ ಮರೆಯಲ್ಲಿ ನನ್ನ ಹೆಬ್ಬೆರಳು ತೋರುಬೆರಳನ್ನು ಉಜ್ಜಲು ಶುರು ಮಾಡಿರುತ್ತದೆ. ಅದಕ್ಕೆ ಮಣ್ಣು ಬೇಕು. ಯಾಕೆ ಬೇಕು ಅಂತ ಕೇಳಿದರೆ ನನಗೂ ಗೊತ್ತಿಲ್ಲ.

ಮುಂದೆ ನಾವು ಬಳ್ಳಾರಿಗೆ ಬಂದು ನೆಲೆಸಿದಾಗ ಆ ಊರು ಆಂಧ್ರಕ್ಕೆ ಸೇರಬೇಕೋ ಮೈಸೂರಿಗೋ ಎಂದು ಗಂಡಸರು ಕಟ್ಟೆಯ ಮೇಲೆ ಕೂತು ಜಗಳಾಡುತ್ತಿದ್ದರು. ಕನ್ನಡದಲ್ಲಿ ಶುರುವಾದ ಜಗಳ ತೆಲುಗಿನಲ್ಲಿ ಮುಗಿಯುತ್ತಿತ್ತು. ಇಷ್ಟು ದೊಡ್ಡ ಊರಿಗೇ ತಾನು ಯಾರೆಂದು ಗೊತ್ತಿಲ್ಲ, ಇನ್ನು ನನ್ನದೇನು ಮಹಾ ಎಂದು ನನಗೆ ಒಂಥರಾ ಸಮಾಧಾನವಾಗುತ್ತಿತ್ತು. ಆದರೆ ನಾನು ಹೇಳಹೊರಟದ್ದು ಅದಕ್ಕೂ ಕೆಲವು ವರ್ಷ ಮೊದಲಿನ ಮಾತು. ಆಗ ನಾನು ಕುರುಗೋಡಿನಲ್ಲಿ ಹೊಸ ಸೊಸೆ.

ನನ್ನ ತವರು ಸಿರುಗುಪ್ಪದ ಹತ್ತಿರದ ದೇಶನೂರು. ಸುತ್ತಲೂ ಭತ್ತದ ಗದ್ದೆ, ಮನೆ ಹಿಂದೆಯೇ ಕಾಲುವೆ, ಕಾಲುವೆಯ ದಂಡೆಯಲ್ಲಿ ಬೆಣ್ಣೆಯಂಥ ಕಪ್ಪು ಮಣ್ಣು. ಓರಗೆಯ ಹುಡುಗಿಯರು ಅದರಲ್ಲಿ ಒಲೆ, ಗಡಿಗೆ, ಬೀಸುಕಲ್ಲು ಮಾಡಿ ಆಡುತ್ತಿದ್ದರು. ನಾನು ಮನುಷ್ಯರನ್ನು ಮಾಡುತ್ತಿದ್ದೆ. ಅದೂ ಯಾರೋ ಒಬ್ಬ ಮನುಷ್ಯನನ್ನಲ್ಲ, ಇಂಥವರನ್ನೇ. ಹೊಟ್ಟೆ ಮುಂದೆ ಬಿಟ್ಟು ನಡೆಯುವ ನಮ್ಮ ದೊಡ್ಡಪ್ಪ, ಒಂದು ಕಾಲು ಎಳೆಯುವ ನೀರುಗಂಟಿ, ಸೊಂಟದ ಮೇಲೆ ಕೈಯಿಟ್ಟು ಜಗಳಕ್ಕೆ ನಿಂತ ಸೋದರತ್ತೆ. ಸೋದರತ್ತೆ ತನ್ನನ್ನು ನೋಡಿಕೊಂಡು ನನ್ನ ಬೆನ್ನಿಗೆ ಸರಿಯಾಗಿ ಬಾರಿಸಿದಳು. ಬಾರಿಸಿದ ಮೇಲೆ ಆ ಗೊಂಬೆಯನ್ನು ತನ್ನ ಮನೆಗೆ ಎತ್ತಿಕೊಂಡು ಹೋದಳು. ಏನಂತ ತಿಳಿಯಬೇಕು ಇದನ್ನು?

ಗಂಡನ ಮನೆಗೆ ಹೊರಟ ದಿನ ಅವ್ವ ಬಂಡಿಯ ಹತ್ತಿರ ಬಂದು ನನ್ನ ಕೈ ಹಿಡಿದಳು. ಅಳುತ್ತಾಳೆ ಅಂದುಕೊಂಡೆ. ಅವಳು ಅಳಲಿಲ್ಲ.

"ಅಲ್ಲಿ ಮಣ್ಣು ಮುಟ್ಟಬ್ಯಾಡವ್ವ," ಅಂದಳು. "ಇಲ್ಲಿ ಹುಚ್ಚು ಅಂತಾರ, ಅಲ್ಲಿ ಕೇಡು ಅಂತಾರ."

ಕುರುಗೋಡಿನ ಮನೆಯಲ್ಲಿ ಇದ್ದವರು ನಾವು ಇಬ್ಬರೇ, ನಾನು ಮತ್ತು ನನ್ನ ಅತ್ತೆ. ಮಾವ ತೀರಿಹೋಗಿ ಬಹಳ ಕಾಲವಾಗಿತ್ತು. ನನ್ನ ಗಂಡ ಬಳ್ಳಾರಿಯ ಒಂದು ಹತ್ತಿ ಜಿನ್ನಿನಲ್ಲಿ ಕೆಲಸಕ್ಕಿದ್ದರು, ಅಲ್ಲೇ ಕೌಲ್ ಬಜಾರಿನಲ್ಲಿ ಒಂದು ಖೋಲಿ. ಶನಿವಾರ ಸಂಜೆ ಇದ್ದಿಲಿನ ಬಸ್ಸು ಕೆಮ್ಮುತ್ತಾ ಬಂದರೆ ಅದರಲ್ಲಿ ಅವರು ಬರುತ್ತಿದ್ದರು, ಬಸ್ಸು ಬರದಿದ್ದರೆ ಅವರೂ ಇಲ್ಲ. ಮಾತು ಕಡಿಮೆ ಆ ಮನುಷ್ಯನದು. ಒಳ್ಳೆಯವರೋ ಕೆಟ್ಟವರೋ ತಿಳಿಯಲು ನನಗೆ ವರ್ಷವೇ ಹಿಡಿಯಿತು.

ಅತ್ತೆಯದು ಬೇರೆ ಕಥೆ. ಅವರು ಬೈಯುತ್ತಿರಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು, ನಾನೂ ಎರಡು ಮಾತು ಆಡಬಹುದಿತ್ತು. ಅವರು ನೋಡುತ್ತಿದ್ದರು. ಕೆಲಸ ಮುಗಿದ ಮೇಲೆ ಬಾಗಿಲ ಬಳಿ ಬಲ ಮೊಣಕಾಲು ಮೇಲೆತ್ತಿ, ಅದರ ಮೇಲೆ ಗದ್ದ ಊರಿ, ಎಡಗೈಯನ್ನು ನೆಲಕ್ಕೆ ಒತ್ತಿ ಕೂಡುತ್ತಿದ್ದರು. ಹಾಗೆ ಕೂತು ನನ್ನನ್ನು ನೋಡುತ್ತಿದ್ದರು. ಆ ನೋಟದಲ್ಲಿ ಸಿಟ್ಟಿತ್ತೋ ಬೇಸರವಿತ್ತೋ ಏನೂ ಇರಲಿಲ್ಲವೋ, ಕಣ್ಣು ಮಂಜಾಗಿದ್ದುದರಿಂದ ಬರೀ ಹಾಗೆ ಕಾಣುತ್ತಿತ್ತೋ! ನನಗಂತೂ ಬಗೆಹರಿಯಲಿಲ್ಲ.

ಅವ್ವನ ಮಾತು ಪಾಲಿಸಲು ನೋಡಿದೆ. ನಿಜವಾಗಿ ನೋಡಿದೆ. ಏನಾಯಿತು ಅಂತೀರಿ? ರೊಟ್ಟಿಯ ಹಿಟ್ಟು ನಾದಲು ಕೂತರೆ ಮುದ್ದೆಯಿಂದ ಮೂಗು ಏಳುತ್ತಿತ್ತು. ಅದನ್ನು ಬಡಿದು ರೊಟ್ಟಿ ಮಾಡಿದರೆ ಮುಂದಿನ ಮುದ್ದೆಯಲ್ಲಿ ಕಿವಿ. ಒಂದು ದಿನ ಪಕ್ಕದ ಮನೆಯ ಹೆಂಗಸು ಬೆಂಕಿ ಕೇಳಲು ಬಂದವಳು ನಾದುವ ಕೊಣಮಿಗೆಯಲ್ಲಿ ಇದ್ದ ಹಿಟ್ಟಿನ ಮುಖ ನೋಡಿ "ಅಯ್ಯೋ ಅಮ್ಮಾ" ಅಂತ ತೆಲುಗಿನಲ್ಲಿ ಏನೋ ಗೊಣಗಿ ಹೋದಳು. ಹೀಗೆ ಅನ್ನಕ್ಕೆ ಅಪಚಾರವಾಗುವುದಕ್ಕಿಂತ ಮಣ್ಣೇ ವಾಸಿ ಎಂದು ದನದ ಕೊಟ್ಟಿಗೆಯ ಹಿಂದೆ ಒಂದು ಒಡಕು ಗಡಿಗೆಯಲ್ಲಿ ಮಣ್ಣು ನೆನೆಹಾಕಿ ಮೇಲೆ ಗೋಣಿತಟ್ಟು ಮುಚ್ಚಿಟ್ಟೆ.

ಕಪ್ಪು ಮಣ್ಣಿನ ಗುಣ ಕೆಟ್ಟದ್ದು. ಹಸಿಯಿದ್ದಾಗ ಹೇಳಿದಂತೆ ಕೇಳುತ್ತದೆ, ಒಣಗಿದ ಮೇಲೆ ಬಾಯಿ ಬಿಡುತ್ತದೆ. ಅದಕ್ಕೆ ಹತ್ತಿಯ ಎಳೆ ಕೂಡಿಸಿ ಕುಟ್ಟಬೇಕು, ಆಗ ಬಿರುಕು ಬಿಡುವುದಿಲ್ಲ. ಹತ್ತಿ ಎಲ್ಲಿಂದ ತರಲಿ? ಒಂದು ಶನಿವಾರ ನನ್ನ ಗಂಡ ಬಸ್ಸಿಳಿದು ಬಂದು, ಅಂಗಿಯ ಒಳಗಿಂದ ಜಿನ್ನಿನ ಕಸದ ಹತ್ತಿಯ ಉಂಡೆಯೊಂದನ್ನು ತೆಗೆದು ಆ ಒಡಕು ಗಡಿಗೆಯ ಪಕ್ಕದಲ್ಲಿಟ್ಟು, ಕಾಲು ತೊಳೆಯಲು ಹೋದರು. ನಾನು ಒಲೆಯ ಮುಂದೆ ಕೂತು ದಂಗಾದೆ. ಇವರಿಗೆ ಯಾವಾಗಿನಿಂದ ಗೊತ್ತು? ಗೊತ್ತಿದ್ದೂ ಯಾಕೆ ಸುಮ್ಮನಿದ್ದಾರೆ? ಕೇಳಲು ನಾಚಿಕೆಯಾಯಿತು. ಆಮೇಲೆ ಪ್ರತಿ ಸಾರಿಯೂ ಉಂಡೆ ಬರುತ್ತಿತ್ತು.

ಮಣ್ಣೆತ್ತಿನ ಅಮಾವಾಸ್ಯೆ ಬಂತು. ನಮ್ಮ ಕಡೆ ಅವತ್ತು ಪ್ರತಿ ಮನೆಯಲ್ಲೂ ಕಪ್ಪು ಮಣ್ಣಿನಿಂದ ಜೋಡೆತ್ತು ಮಾಡಿ, ಜೋಳದ ಕಾಳಿನ ಕಣ್ಣಿಟ್ಟು, ಮುಂದೆ ಮೇವು ಹಾಕುವ ಮಣ್ಣಿನ ಗ್ವಾದಲಿ ಇಟ್ಟು, ಹೋಳಿಗೆ ಎಡೆ ಹಿಡಿದು ಪೂಜೆ ಮಾಡುತ್ತಾರೆ. ಮರುದಿನ ಅವನ್ನು ನೀರಿಗೆ ಬಿಡುತ್ತಾರೆ. ಬಿಡಲೇಬೇಕು. ಪೂಜೆ ಕಂಡದ್ದು ಮನೆಯಲ್ಲಿ ಉಳಿಯಬಾರದು.

ವರ್ಷಕ್ಕೆ ಒಂದು ದಿನ ಮಣ್ಣು ಮುಟ್ಟಿದರೆ ಯಾರೂ ಏನೂ ಅನ್ನದ ದಿನ ಅದು. ಅತ್ತೆಯೇ "ಎತ್ತು ಮಾಡು" ಅಂದರು. ಹತ್ತಿ ಕೂಡಿಸಿ ಕುಟ್ಟಿದ ಮಣ್ಣಿನಿಂದ ಮಾಡಿದೆ ನೋಡಿ, ಡುಬ್ಬ, ಕೊರಳ ಕೆಳಗಿನ ಗಂಗೆದೊಗಲು, ಗೊರಸು, ಎಲ್ಲಾ. ಮಾಡಿ ಮುಗಿದ ಮೇಲೆ ಅಂಗೈಯಲ್ಲಿ ಒಂದು ಮುದ್ದೆ ಮಣ್ಣು ಉಳಿಯಿತು. ಎದುರಿಗೆ ಬಾಗಿಲ ಬಳಿ ಅತ್ತೆ ಮೊಣಕಾಲೆತ್ತಿ ಕೂತಿದ್ದರು. ಅಷ್ಟೇ. ಹೋಳಿಗೆಯ ಹೂರಣ ಹೊತ್ತುವ ವಾಸನೆ ಬಂದಾಗಲೇ ನನಗೆ ಎಚ್ಚರ. ಕೈಯಲ್ಲಿ ಮೂಡಿದ್ದ ಪುಟ್ಟ ಅತ್ತೆಯನ್ನು ಒಣಗಲೆಂದು ಎತ್ತುಗಳಿದ್ದ ಮಣೆಯ ಮೂಲೆಯಲ್ಲಿಟ್ಟು ಒಳಗೆ ಓಡಿದೆ.

ಸಂಜೆ ದೀಪ ಹಚ್ಚಿ ಅತ್ತೆ ಪೂಜೆಗೆ ಕೂತರು. ನಾನು ಹೋಳಿಗೆಯ ತಟ್ಟೆ ಹಿಡಿದು ಹೊರಗೆ ಬರುವ ಹೊತ್ತಿಗೆ ಎತ್ತುಗಳಿಗೆ ವಿಭೂತಿ, ಕುಂಕುಮ, ಕಣಗಿಲ ಹೂ ಏರಿಯಾಗಿತ್ತು. ಮೂಲೆಯಲ್ಲಿದ್ದ ಗೊಂಬೆಗೂ ಏರಿತ್ತು. ಎತ್ತಿಗೆ ಹುಲ್ಲು ಹಾಕುವ ಒಕ್ಕಲಗಿತ್ತಿ ಎಂದು ತಿಳಿದಿರಬೇಕು ಅತ್ತೆ. ಹೇಳಲೋ ಬೇಡವೋ ಅನ್ನುತ್ತಿರುವಾಗಲೇ ಅವರು ಆರತಿ ಎತ್ತಿ ಎತ್ತಿಗೂ ಬೆಳಗಿದರು, ತಮಗೂ ಬೆಳಗಿಕೊಂಡರು, ನೆಲಕ್ಕೆ ಹಣೆ ಮುಟ್ಟಿಸಿ ತಮಗೇ ನಮಸ್ಕಾರ ಹಾಕಿದರು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆರತಿಗೆ ಬಂದಿದ್ದ ಪಕ್ಕದ ಮನೆಯ ಅದೇ ಹೆಂಗಸು ಬಗ್ಗಿ ನೋಡಿ, ಬಾಯಿಗೆ ಸೆರಗು ಒತ್ತಿಕೊಂಡು, "ಅತ್ತಿ, ಅದು ನೀನ ಅಲ್ಲೇನು?" ಅಂದಳು.

ಅತ್ತೆ ದೀಪ ಹತ್ತಿರ ಹಿಡಿದು ನೋಡಿದರು. ತುಂಬಾ ಹೊತ್ತು ನೋಡಿದರು. ಆಮೇಲೆ ದೀಪ ಕೆಳಗಿಟ್ಟು ಎದ್ದು ಒಳಗೆ ಹೋದರು. ಹೋಳಿಗೆ ಮುಟ್ಟಲಿಲ್ಲ.

ಮರುದಿನ ಬೆಳಗಾಗುವಷ್ಟರಲ್ಲಿ ಸುದ್ದಿ ಓಣಿ ತುಂಬಿತ್ತು. ಎತ್ತುಗಳನ್ನು ಕೆರೆಗೆ ಒಯ್ಯಬೇಕು, ಸರಿ. ಈ ಗೊಂಬೆಯನ್ನು ಏನು ಮಾಡಬೇಕು? ಪೂಜೆ ಕಂಡಿದೆ, ಆದ್ದರಿಂದ ನೀರಿಗೆ ಬಿಡಬೇಕು. ಆದರೆ ಜೀವಂತ ಇರುವ ಹೆಂಗಸಿನ ರೂಪವನ್ನು ನೀರಿಗೆ ಬಿಡುವುದೆಂದರೇನು? ಅವಳನ್ನೇ ಕಳಿಸಿಕೊಟ್ಟಂತೆ. ಒಡೆಯೋಣವೆಂದರೆ ಕುಂಕುಮವಿದೆ, ಇಟ್ಟುಕೊಳ್ಳೋಣವೆಂದರೆ ಪೂಜೆ ಕಂಡದ್ದು ಮನೆಯಲ್ಲಿರಬಾರದು. ಹಿರಿಯರೆಲ್ಲ ಪಡಸಾಲೆಯಲ್ಲಿ ಕೂತು ತಲೆ ಕೆರೆದುಕೊಂಡರು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕಡಿಯುತ್ತಿದ್ದರು. ಇಂಥ ಪೇಚು ಅವರ ಜನ್ಮದಲ್ಲಿ ಬಂದಿರಲಿಲ್ಲ. ನನಗೆ ಹೆದರಿಕೆಯ ನಡುವೆಯೂ ನಗು ಬರುತ್ತಿತ್ತು, ಸುಳ್ಳೇಕೆ ಹೇಳಲಿ.

ನಗು ನಿಂತದ್ದು ಅತ್ತೆಯ ಅಣ್ಣ ಬಾಯಿ ತೆಗೆದಾಗ. ಅವರು ಎರಡು ಓಣಿಯಾಚೆ ಇದ್ದರು, ಈ ಮನೆಯ ಎಲ್ಲ ಮಾತಿಗೂ ಅವರೇ ಕೊನೆ. ಗೊಂಬೆಯ ವಿಷಯ ಆಮೇಲೆ, ಮೊದಲು ಮಾಡಿದವಳ ವಿಷಯ ಆಗಲಿ, ಅಂದರು. ಬದುಕಿರುವವರನ್ನು ಮಣ್ಣು ಮಾಡುವ ಕೈ ಮನೆಯಲ್ಲಿರುವುದು ಒಳ್ಳೆಯದಲ್ಲ, ಶನಿವಾರ ಹುಡುಗ ಬಂದ ಕೂಡಲೇ ಇವಳನ್ನು ದೇಶನೂರಿಗೆ ಬಿಟ್ಟು ಬರಲಿ, ತಲೆ ಸರಿಯಾದ ಮೇಲೆ ನೋಡೋಣ, ಅಂದರು. ಅತ್ತೆ ಗೊಂಬೆಯನ್ನೇ ನೋಡುತ್ತಿದ್ದರು.

ಹಾಗೆ ತವರಿಗೆ ಬಿಟ್ಟುಬಂದವರನ್ನು ಮತ್ತೆ ಕರೆಯಲು ಯಾರೂ ಬರುವುದಿಲ್ಲ, ಅದು ನನಗೆ ಗೊತ್ತಿತ್ತು. ಸಿರುಗುಪ್ಪದ ಸಂತೆಯಲ್ಲಿ ಅಂಥವರನ್ನು ನೋಡಿದ್ದೆ. ಕೊರಳಲ್ಲಿ ತಾಳಿಯಿದ್ದೂ ತವರಿನ ಮೂಲೆಯಲ್ಲಿ ಕೂತು ಅಣ್ಣನ ಹೆಂಡತಿಯ ಕೈಯ ಊಟಕ್ಕೆ ಕಾಯುವವರು. ನನಗೆ ಸಿಟ್ಟು ಬಂತು. ನಾನೇನು ಕದ್ದೆನೇ, ಯಾರ ಮೇಲಾದರೂ ಕೈ ಮಾಡಿದೆನೇ? ಕೂತವರನ್ನು ಕೂತ ಹಾಗೆ ಮಾಡಿದೆ. ಒಮ್ಮೆ, ಇನ್ನು ಮಣ್ಣು ಮುಟ್ಟುವುದಿಲ್ಲ ಎಂದು ಅವರ ಕಾಲಿಗೆ ಬೀಳೋಣ ಅನ್ನಿಸಿತು. ಮರುಕ್ಷಣವೇ, ಬಿದ್ದು ಆಣೆ ಮಾಡಿದರೆ ಈ ಕೈಯನ್ನು ಎಲ್ಲಿ ಬಚ್ಚಿಡಲಿ ಅನ್ನಿಸಿತು. ಗಂಡನ ಮನೆ ಬೇಕು, ಮಣ್ಣೂ ಬೇಕು. ಎರಡರಲ್ಲಿ ಯಾವುದನ್ನು ಬಿಟ್ಟರೂ ಉಳಿದದ್ದರಿಂದ ಏನು ಮಾಡಲಿ ಎಂದು ತಿಳಿಯದು.

ಶನಿವಾರದವರೆಗೆ ಗೊಂಬೆ ಪಡಸಾಲೆಯ ಗೋಡೆಯ ಗೂಡಿನಲ್ಲಿತ್ತು. ಅದನ್ನು ಅಲ್ಲಿಟ್ಟವರು ಯಾರೋ ನನಗೆ ಗೊತ್ತಿಲ್ಲ. ಅತ್ತೆ ಎಂದಿನಂತೆ ಬಾಗಿಲ ಬಳಿ ಮೊಣಕಾಲೆತ್ತಿ ಕೂಡುತ್ತಿದ್ದರು, ಗೂಡಿನಲ್ಲಿ ಇನ್ನೊಬ್ಬ ಅತ್ತೆ ಮೊಣಕಾಲೆತ್ತಿ ಕೂತಿರುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡುವರು. ನಡುವೆ ನಾನು ಕಸ ಗುಡಿಸಬೇಕು. ಒಮ್ಮೆ ಅತ್ತೆ ಕಾಲು ಬದಲಾಯಿಸಿ ಕೂತು ನೋಡಿದರು, ಸರಿಹೋಗಲಿಲ್ಲವೆಂದು ಕಾಣುತ್ತದೆ, ಮತ್ತೆ ಮೊದಲಿನ ಹಾಗೆಯೇ ಕೂತರು. ಓಣಿಯ ಹೆಂಗಸರು ಯಾವುದಕ್ಕೂ ಇರಲಿ ಎಂದು ಗೂಡಿಗೆ ಒಂದೊಂದು ಹೂ ಏರಿಸಿ ಹೋಗತೊಡಗಿದರು. ಅತ್ತೆ ಬೇಡ ಅನ್ನಲಿಲ್ಲ. ಆ ಮನೆಯಲ್ಲಿ ಆಗ ಯಾರು ಯಾಕೆ ಏನು ಮಾಡುತ್ತಿದ್ದರು ಎಂದು ನನಗೆ ಇಂದಿಗೂ ಸ್ಪಷ್ಟವಿಲ್ಲ.

ಶನಿವಾರ ಬಸ್ಸು ಬಂತು. ಸುದ್ದಿ ಅದಾಗಲೇ ಬಳ್ಳಾರಿ ಮುಟ್ಟಿತ್ತು. ನನ್ನ ಗಂಡ ಅಲ್ಲಿ ಇಬ್ಬರು ಬಲ್ಲವರನ್ನು ಕೇಳಿಕೊಂಡು ಬಂದಿದ್ದರು. ಸ್ಟೇಷನ್ನಿನ ಹತ್ತಿರದ ತೆಲುಗು ಶಾಸ್ತ್ರಿಗಳು, ಕೆರೆಗೆ ಬೇಡ, ಸಿರುಗುಪ್ಪದ ಕಡೆಯ ಹೊಳೆಗೆ ಬಿಡಿ, ಹರಿಯುವ ನೀರಿಗೆ ದೋಷವಿಲ್ಲ ಅಂದರಂತೆ. ಕೋಟೆ ಗುಡ್ಡದ ಕೆಳಗಿನ ಮಠದ ಅಯ್ಯನವರು, ಯಾವ ನೀರೂ ಬೇಡ, ತಾನಾಗಿ ಕರಗುವವರೆಗೆ ಬಿಡಿ ಅಂದರಂತೆ. ಹತ್ತಿ ಕೂಡಿಸಿದ ಮಣ್ಣು, ಅದು ತಾನಾಗಿ ಎಲ್ಲಿ ಕರಗಬೇಕು! ಇಷ್ಟು ಹೇಳಿ ಅವರು ಪಡಸಾಲೆಯ ಮಧ್ಯದಲ್ಲಿ ನಿಂತರು. ಅಂಗಿಯ ಹೊಟ್ಟೆ ಉಬ್ಬಿತ್ತು. ಈ ಸಾರಿಯೂ ಹತ್ತಿ ತಂದಿದ್ದಾರೆ! ನನ್ನನ್ನು ತವರಿಗೆ ಅಟ್ಟಬೇಕಾದ ಮನುಷ್ಯ ನನಗೆ ಹತ್ತಿ ತಂದು ನಿಂತಿದ್ದಾನೆ. ನಗಲೋ ಅಳಲೋ ತಿಳಿಯದೆ ಕಂಬ ಹಿಡಿದುಕೊಂಡೆ.

ಅತ್ತೆಯ ಅಣ್ಣನವರು ಬಂದು ಕೂತಿದ್ದರು. ನಾಳೆ ಬೆಳಿಗ್ಗೆಯೇ ಬಂಡಿ ಕಟ್ಟಿಸುತ್ತೇನೆ, ನಿನ್ನ ಹೆಂಡತಿಯ ಗಂಟು ಕಟ್ಟಲು ಹೇಳು, ಅಂದರು. ನನ್ನ ಗಂಡ ತಾಯಿಯ ಮುಖ ನೋಡಿದರು. ಅತ್ತೆ ಗೂಡಿನ ಕಡೆ ನೋಡುತ್ತಲೇ ಬಾಯಿ ಬಿಟ್ಟರು.

"ಬಂಡಿ ಕಟ್ಟಬ್ಯಾಡ, ಅಣ್ಣ. ಅಕಿ ಹ್ವಾದ್ರ ನನ್ನ ಮಗಳನ್ನ ಯಾರು ಮಾಡಿಕೊಡ್ತಾರ?"

ಯಾವ ಮಗಳು? ನನಗೆ ಗೊತ್ತೇ ಇರಲಿಲ್ಲ. ಮದುವೆಯಾಗಿ ಅಷ್ಟು ಕಾಲವಾಗಿದ್ದರೂ ಆ ಮನೆಯಲ್ಲಿ ಯಾರೂ ಆ ಮಾತು ಎತ್ತಿರಲಿಲ್ಲ. ಅಣ್ಣನವರು ಟವೆಲ್ ಹೆಗಲಿಗೆ ಹಾಕಿಕೊಂಡು, ಎದ್ದು ಹೋದರು. ಅಂದು ಊಟವಾದ ಮೇಲೆ ನನ್ನ ಗಂಡ ಹೇಳಿದರು: ಅವರಿಗಿಂತ ದೊಡ್ಡವಳು ಒಬ್ಬ ಅಕ್ಕ ಇದ್ದಳಂತೆ. ಊರಿಗೆಲ್ಲ ಜ್ವರ ಬಂದ ವರ್ಷ, ಏಳೋ ಎಂಟೋ ವಯಸ್ಸಿನಲ್ಲಿ ಹೋದಳಂತೆ. ಆಗ ಇವರು ಇನ್ನೂ ತೊಟ್ಟಿಲಲ್ಲಿ. ಅವಳದೊಂದು ಫೋಟೋ ಇಲ್ಲ. ಆ ಕಾಲದಲ್ಲಿ ನಮ್ಮಂಥವರ ಮನೆಯಲ್ಲಿ ಫೋಟೋ ಎಲ್ಲಿಂದ ಬರಬೇಕು?

ಮರುದಿನ ಮಧ್ಯಾಹ್ನ ಅತ್ತೆ ತಾವೇ ಕೊಟ್ಟಿಗೆಯ ಹಿಂದಿನಿಂದ ಆ ಗಡಿಗೆಯನ್ನು ಹೊತ್ತು ತಂದು ನನ್ನ ಮುಂದಿಟ್ಟರು. ಅಲ್ಲಿಗೆ ಅವರಿಗೂ ಅದು ಗೊತ್ತಿತ್ತು! ನಾನು ಆ ಮನೆಯಲ್ಲಿ ಬಚ್ಚಿಟ್ಟದ್ದೆಲ್ಲ ಎಲ್ಲರಿಗೂ ಗೊತ್ತಿತ್ತು, ಬಚ್ಚಿಟ್ಟುಕೊಂಡಿದ್ದೇನೆ ಅಂದುಕೊಂಡವಳು ನಾನೊಬ್ಬಳೇ.

ಮಾಡುವುದು ಹೇಗೆ? ನಾನು ನೋಡದವರನ್ನು ಎಂದೂ ಮಾಡಿದವಳಲ್ಲ. ಮೂಗು ಹೇಗಿತ್ತು ಅಂತ ಕೇಳಿದೆ. ನನ್ನ ಹಾಗೆ, ಅಂದರು. ಮಾಡಿದೆ. ನೋಡಿ, ಅಲ್ಲ, ಅವರಪ್ಪನ ಹಾಗೆ, ಅಂದರು. ಮಾವನವರನ್ನು ನಾನೆಲ್ಲಿ ಕಂಡಿದ್ದೆ? ನನ್ನ ಗಂಡನನ್ನು ಕರೆದು ಕೂರಿಸಿ ಅವರ ಮೂಗು ನೋಡಿ ಮಾಡಿದೆ. ಅದೂ ಅಲ್ಲ. ಹಣೆ ಅಗಲ ಅಂದರು, ಆಮೇಲೆ ಅಗಲವಿರಲಿಲ್ಲ ಅಂದರು. ಕೆನ್ನೆ ತುಂಬಿಸಿದರೆ ಬಡಕಲು ಅಂದರು, ಬಡಕಲು ಮಾಡಿದರೆ ಅದು ಜ್ವರದಲ್ಲಿ ಅಂದರು. ಹೊತ್ತು ಇಳಿಯುತ್ತಾ ಬಂತು. ನಾನು ತಟ್ಟುವುದು, ಅವರು ತಲೆಯಾಡಿಸುವುದು, ನಾನು ಕೆಡಿಸುವುದು. ನನಗೆ ತಾಳ್ಮೆ ಮೊದಲೇ ಕಡಿಮೆ. ಸರಿಯಾಗಿ ನೆನಪು ಮಾಡಿಕೊಂಡು ಹೇಳಬಾರದೇ ಎಂದು ರೇಗಿಯೇಬಿಟ್ಟೆ. ಅತ್ತೆಯ ಮೇಲೆ ಹಾಗೆ ನಾನು ರೇಗಿದ್ದು ಅದೇ ಮೊದಲು.

ಅವರು ಬೈಯಲಿಲ್ಲ. ತಮ್ಮ ಎರಡೂ ಕೈಯನ್ನು ನೋಡಿಕೊಂಡರು.

"ಮಾರಿ ನೆನಪಾಗವಲ್ದು," ಅಂದರು. "ಹೆತ್ತಾಕಿಗೆ ಮಾರಿ ನೆನಪಾಗವಲ್ದು."

ನಾನು ಮಣ್ಣಿನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ. ಇಷ್ಟು ದಿನ ಆ ನೋಟದಲ್ಲಿ ಏನಿದೆ ಎಂದು ಹುಡುಕಿದ್ದೆನಲ್ಲ, ಅವರು ನನ್ನನ್ನು ನೋಡುತ್ತಲೇ ಇರಲಿಲ್ಲವೇನೋ. ನನ್ನಷ್ಟೇ ಎತ್ತರಕ್ಕೆ ಬೆಳೆದು ಅಂಗಳದಲ್ಲಿ ಓಡಾಡಬೇಕಿದ್ದ ಯಾರನ್ನೋ ಹುಡುಕುತ್ತಿದ್ದರೇನೋ. ಹೀಗೂ ಇರಬಹುದು, ಅಲ್ಲದೆಯೂ ಇರಬಹುದು. ಅವರನ್ನು ಕೇಳಲು ನನಗೆ ಧೈರ್ಯ ಬರಲಿಲ್ಲ. ಮುಖ ಬಿಡಿ, ಅಂದೆ. ಅವಳು ಹೇಗೆ ಕೂಡುತ್ತಿದ್ದಳು, ಹೇಗೆ ನಿಲ್ಲುತ್ತಿದ್ದಳು, ಅದು ಹೇಳಿ.

ಅತ್ತೆ ಹೇಳಲಿಲ್ಲ, ಎದ್ದರು. ಎದ್ದು ಅಂಗಳದ ನಡುವೆ ನಿಂತು, ಒಂದು ಪಾದವನ್ನು ಇನ್ನೊಂದರ ಮೇಲೆ ಇಟ್ಟು, ತಲೆಯನ್ನು ಎಡಕ್ಕೆ ಓರೆ ಮಾಡಿ, ತಮ್ಮ ಸೆರಗಿನ ತುದಿಯನ್ನು ಜಡೆಯ ಹಾಗೆ ಹೆಗಲ ಮೇಲಿಂದ ಮುಂದಕ್ಕೆ ತಂದು ಬಾಯಿಯಲ್ಲಿ ಕಚ್ಚಿದರು. ನರೆಗೂದಲಿನ, ಬೆನ್ನು ಬಾಗಿದ ಹೆಂಗಸು. ಆ ಗಳಿಗೆಯಲ್ಲಿ ಅಲ್ಲಿ ಒಂದು ಮಗು ನಿಂತಿತ್ತು. ನನ್ನ ಹೆಬ್ಬೆರಳು ತಾನಾಗಿ ಉಜ್ಜತೊಡಗಿತು.

ಅವಳು ಯಾವಾಗಲೂ ಜಡೆಯ ತುದಿ ಕಚ್ಚುತ್ತಿದ್ದಳಂತೆ. ಆಡುವಾಗ, ಮಲಗುವಾಗ, ನೀರು ತರುವಾಗ. ಕೆಟ್ಟ ಚಾಳಿ ಎಂದು ಅತ್ತೆ ಹೊಡೆದರಂತೆ. ಬಿಡಲಿಲ್ಲ. ಜಡೆಯ ತುದಿಗೆ ಬೇವಿನ ರಸ ಹಚ್ಚಿದರಂತೆ. ಮುಖ ಕಿವುಚಿ ಉಗುಳಿ, ಮತ್ತೆ ಕಚ್ಚುತ್ತಿದ್ದಳಂತೆ. ಜ್ವರ ಬಂದು ಮಲಗಿದಾಗಲೂ ಹಚ್ಚಿದ್ದೆ, ಅಂದರು ಅತ್ತೆ. ಅಷ್ಟು ಹೇಳಿ ಬಾಯಿಂದ ಸೆರಗು ತೆಗೆದು ಬಂದು ಕೂತರು.

ನಾನು ಮಾಡತೊಡಗಿದೆ. ಪಾದದ ಮೇಲೆ ಪಾದ ಬಂತು, ಓರೆಯಾದ ತಲೆ ಬಂತು. ಮುಖಕ್ಕೆ ಹೆಚ್ಚು ಕೈ ಹಚ್ಚಲಿಲ್ಲ, ಆ ನಿಲುವಿಗೆ ಯಾವ ಮುಖ ಬರಬೇಕೋ ಅದು ತಾನೇ ಬಂತು. ಅತ್ತೆ ಮಣೆಯ ಹತ್ತಿರ ಸರಿದು ನೋಡುತ್ತಿದ್ದರು. ಈಗ ತಲೆಯಾಡಿಸಲಿಲ್ಲ. ಜಡೆ ಮಾತ್ರ ಉಳಿಯಿತು, ಅಲ್ಲಿ ನನ್ನ ಕೈ ನಿಂತಿತು. ಬಾಯಿಗೆ ಇಟ್ಟರೆ ಆ ಬೇವಿನ ರಸವನ್ನು ದಿನಾ ಅವರ ಕಣ್ಣ ಮುಂದೆ ಇಟ್ಟ ಹಾಗೆ ಆಗುವುದಿಲ್ಲವೇ? ಇಡದಿದ್ದರೆ ಇವಳು ಅವಳೇ ಅಲ್ಲ. ಯಾವುದು ಸರಿ ಎಂದು ತಿಳಿಯದೆ, ಕೊನೆಗೆ ಜಡೆಯನ್ನು ಹೆಗಲ ಮೇಲಿಂದ ಎದೆಯವರೆಗೆ ನೆಟ್ಟಗೆ ಇಳಿಬಿಟ್ಟು, ಮಣೆಯನ್ನು ಅವರ ಕಡೆ ತಿರುಗಿಸಿದೆ. ಜಾಣ ಮಗುವಿನ ಹಾಗೆ ಕಾಣುತ್ತಿತ್ತು.

ಅತ್ತೆ ಬಹಳ ಹೊತ್ತು ಮುಟ್ಟಲಿಲ್ಲ. ಆಮೇಲೆ ತೋರುಬೆರಳನ್ನು ನೀರಲ್ಲಿ ಅದ್ದಿ, ಹಸಿ ಮಣ್ಣಿನ ಆ ಜಡೆಯ ತುದಿಯನ್ನು ಮೆಲ್ಲಗೆ ಎಬ್ಬಿಸಿ, ಬಾಗಿಸಿ, ಮಗುವಿನ ಬಾಯಿಗೆ ಇಟ್ಟರು.

"ಕಚ್ಚಲಿ ಬಿಡು," ಅಂದರು.